ನವೆಂಬರ್ 1: ನಾಡಿಗೆ ಹೆಸರು ಬಂತು, ಹಾಲಿನ ಪುಸ್ತಕದಲ್ಲಿ ಯಾರ ಹೆಸರಿದೆ?

ನವೆಂಬರ್ 1ರ ಬೆಳಿಗ್ಗೆ ಹಾಲಿನ ಸರತಿ ಮುಗಿಯುವ ಹೊತ್ತಿಗೆ ಎಷ್ಟೋ ಊರಿನ ಡೇರಿಗಳ ಮುಂದೆ ಅರಿಶಿನ-ಕುಂಕುಮ ಬಣ್ಣದ ಬಾವುಟ ಏರಿರುತ್ತದೆ. ಖಾಲಿ ಕ್ಯಾನು ಕೈಯಲ್ಲಿ ಹಿಡಿದೇ ನಾಲ್ಕು ನಿಮಿಷ ನಿಂತು, ಅಧ್ಯಕ್ಷರು ಹಂಚಿದ ಸಿಹಿಯನ್ನು ಮಕ್ಕಳಿಗೆಂದು ಸೆರಗಿಗೆ ಕಟ್ಟಿಕೊಂಡು ಮನೆಗೆ ಓಡುತ್ತೇವೆ. ಸಗಣಿ ಬಾಚಬೇಕು, ಹುಲ್ಲಿಗೆ ಹೋಗಬೇಕು, ಶಾಲೆಯ ಧ್ವಜ ಹಾರಿಸಲು ಹೊರಟ ಮಕ್ಕಳಿಗೆ ತಿಂಡಿ ಆಗಬೇಕು. ಭಾಷಣ ಕೇಳಲು ಪುರುಸೊತ್ತೆಲ್ಲಿ? ಆ ಭಾಷಣದಲ್ಲಿ ಸಾಮಾನ್ಯವಾಗಿ ಹೇಳದೆ ಬಿಡುವ ಕೆಲವು ಸಂಗತಿಗಳನ್ನು ಇಲ್ಲಿ ಬರೆದಿದೆ. ಮಧ್ಯಾಹ್ನ ದನ ನೀರು ಕುಡಿದು ಮಲಗಿದ ಮೇಲೆ ಓದಿ. ಓದಲು ಬಾರದ ಅತ್ತೆಯವರಿದ್ದರೆ ಅವರಿಗೂ ಓದಿ ಹೇಳಿ. ಅವರಿಗೆ ಇದರಲ್ಲಿ ಅರ್ಧ ಗೊತ್ತಿದ್ದರೂ ಇರಬಹುದು.

ನಮ್ಮ ರಾಜ್ಯದ ಚರಿತ್ರೆಯಲ್ಲಿ ಈ ಒಂದೇ ತಾರೀಖಿನಂದು ಮೂರು ದೊಡ್ಡ ಸಂಗತಿ ನಡೆದಿವೆ. 1956ರಲ್ಲಿ ಕನ್ನಡದ ಪ್ರದೇಶಗಳು ಒಂದಾದವು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. 2014ರಲ್ಲಿ 12 ಊರುಗಳ ಹೆಸರನ್ನು ಕನ್ನಡದ ಉಚ್ಚಾರಕ್ಕೆ ತಿದ್ದಲಾಯಿತು. ಅಂದರೆ ಈ ದಿನ ಹೆಚ್ಚೂಕಡಿಮೆ ಹೆಸರಿನ ದಿನ. ಹೆಸರು ಎಲ್ಲಿ ಬರೆದಿದೆ, ಯಾರದ್ದು ಬರೆದಿದೆ ಎಂಬುದು ನಮ್ಮ ಹಾಲಿನ ಲೆಕ್ಕದಲ್ಲೂ ಸಣ್ಣ ವಿಷಯವಲ್ಲ. ಅದನ್ನು ಕೊನೆಗೆ ನೋಡೋಣ.

ಅಂದು ನರಕ ಚತುರ್ದಶಿ

1956ರ ನವೆಂಬರ್ 1 ಗುರುವಾರ. ದೀಪಾವಳಿಯ ದಿನಗಳು, ಅಂದು ನರಕ ಚತುರ್ದಶಿ. ಹಿಂದಿನ ಸಂಜೆ ಹಂಡೆಗೆ ನೀರು ತುಂಬಿಸಿ, ಬೆಳಗಿನ ಜಾವ ಎಣ್ಣೆನೀರು ಹಾಕಿಕೊಂಡು, ಇನ್ನೆರಡು ದಿನಕ್ಕೆ ಬರುವ ಬಲಿಪಾಡ್ಯಮಿಗೆ ದನದ ಕೊಂಬಿಗೆ ಬಣ್ಣ ತರಿಸಬೇಕೆಂದು ಹೆಂಗಸರು ಲೆಕ್ಕ ಹಾಕುತ್ತಿದ್ದ ದಿನ. ಅದೇ ದಿನ ಬೆಂಗಳೂರಿನಲ್ಲಿ ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ಹೊಸ ರಾಜ್ಯವನ್ನು ಉದ್ಘಾಟಿಸಿದರು. ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾದರು, ಮೈಸೂರಿನ ಮಹಾರಾಜರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ರಾಜ್ಯಪಾಲರಾದರು.

ಆ ದಿನದವರೆಗೆ ಕನ್ನಡ ಮಾತಾಡುವ ಜನ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಮುಂಬಯಿ ರಾಜ್ಯದಲ್ಲಿದ್ದವು. ಗುಲ್ಬರ್ಗ, ರಾಯಚೂರು, ಬೀದರ್ ಹೈದರಾಬಾದಿನಲ್ಲಿ. ದಕ್ಷಿಣ ಕನ್ನಡವೂ ಕೊಳ್ಳೇಗಾಲ ತಾಲ್ಲೂಕೂ ಮದ್ರಾಸಿನಲ್ಲಿ. ಕೊಡಗು ತನ್ನದೇ ಮುಖ್ಯಮಂತ್ರಿಯಿದ್ದ ಪುಟ್ಟ ರಾಜ್ಯ. ಉಳಿದದ್ದು ಹಳೇ ಮೈಸೂರು. ಬಳ್ಳಾರಿ ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ರಂದು, ಮದ್ರಾಸಿನಿಂದ ಮೈಸೂರಿಗೆ ಬಂದಿತ್ತು. ಆ ಸಮಾರಂಭದ ಚಪ್ಪರವನ್ನು ರಾತ್ರಿ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬರು ದಾಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಎಲ್ಲ ಸೇರಿ ಹೊಸ ರಾಜ್ಯದಲ್ಲಿ 19 ಜಿಲ್ಲೆಗಳಾದವು. ಇಂದು 31 ಇವೆ.

ಇದು ಒಂದೇ ದಿನ ದೆಹಲಿಯವರು ಬರೆದುಕೊಟ್ಟದ್ದಲ್ಲ. ಆಲೂರು ವೆಂಕಟರಾಯರಂಥವರು ಅರ್ಧ ಶತಮಾನ ಊರೂರು ಅಲೆದಿದ್ದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದವರಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗಿಯೂ ಇದ್ದಳು. ಮುಂದೆ ಆಕೆಯೇ ಗಂಗೂಬಾಯಿ ಹಾನಗಲ್ ಎಂದು ನಾಡಿಗೆಲ್ಲ ಗೊತ್ತಾದರು. 1953ರಲ್ಲಿ ಹುಬ್ಬಳ್ಳಿ ಪಕ್ಕದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸ ಕುಳಿತಾಗ ಜನ ಬೀದಿಗಿಳಿದರು. ಅದೇ ವರ್ಷದ ಕೊನೆಗೆ ಫಜಲ್ ಅಲಿ ಆಯೋಗ ನೇಮಕವಾಯಿತು. ಆಯೋಗದ ವರದಿ 1955ರಲ್ಲಿ ಬಂತು, ಮರುವರ್ಷ ಕಾಯ್ದೆ ಆಯಿತು. ಅದೇ ನವೆಂಬರ್ 1ಕ್ಕೆ ಕೇರಳ, ಆಂಧ್ರಪ್ರದೇಶ, ಮಧ್ಯಪ್ರದೇಶಗಳೂ ಹುಟ್ಟಿದವು. ಹಾಗಾಗಿ ಈ ದಿನ ನಮ್ಮೊಬ್ಬರದ್ದೇ ಹಬ್ಬವೇನಲ್ಲ.

ತವರು ಆಚೆ, ಗಂಡನ ಮನೆ ಈಚೆ

ನಕ್ಷೆಯ ಮೇಲೆ ಗೆರೆ ಎಳೆದಾಗ ಅದು ಹೊಲದ ಮೇಲೂ ಬೀಳುತ್ತದೆ, ಹೆಣ್ಣುಮಕ್ಕಳ ತವರಿನ ದಾರಿಯ ಮೇಲೂ ಬೀಳುತ್ತದೆ. ಕಾಸರಗೋಡು ಕೇರಳಕ್ಕೆ ಹೋಯಿತು. ಬೆಳಗಾವಿ ಜಿಲ್ಲೆಯ ಚಂದಗಡ ತಾಲ್ಲೂಕು ಮುಂಬಯಿ ರಾಜ್ಯದಲ್ಲೇ ಉಳಿಯಿತು. ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಕನ್ನಡದ ಮನೆಗಳು ಆಚೆ ಉಳಿದವು. ಕೊಳ್ಳೇಗಾಲ ಬಂತು, ಪಕ್ಕದ ತಾಳವಾಡಿ ಬರಲಿಲ್ಲ. ಮದುವೆ ಸಂಬಂಧಗಳು ಮಾತ್ರ ಎಂದಿನಂತೆ ಗೆರೆಯ ಎರಡೂ ಕಡೆ ನಡೆದವು, ಈಗಲೂ ನಡೆಯುತ್ತಿವೆ. ಗಡಿ ತಾಲ್ಲೂಕುಗಳ ನಮ್ಮ ಸದಸ್ಯೆಯರಲ್ಲಿ ಎಷ್ಟೋ ಮಂದಿಯ ತವರಿನ ಹಾಲು ಬೇರೆ ರಾಜ್ಯದ ಡೇರಿಗೆ ಹೋಗುತ್ತದೆ. ಅಣ್ಣನ ಮನೆಗೆ ಹೋದಾಗ ಅಲ್ಲಿ ಲೀಟರಿಗೆ ಎಷ್ಟು ಕೊಡುತ್ತಾರೆ ಎಂದು ಕೇಳಿ ಬಂದು ನಮ್ಮ ಕಾರ್ಯದರ್ಶಿಗಳ ತಲೆ ತಿನ್ನುವವರೂ ಇವರೇ!

ಎಪ್ಪತ್ತು ದಾಟಿದ ಅಜ್ಜಿಯರು ಮನೆಯಲ್ಲಿದ್ದರೆ, ನೀವು ಹುಟ್ಟಿದ್ದು ಯಾವ ರಾಜ್ಯದಲ್ಲಿ ಎಂದು ಕೇಳಿ ನೋಡಿ. ಅಫಜಲಪುರದ ಅಜ್ಜಿ ಹೈದರಾಬಾದ್ ರಾಜ್ಯದಲ್ಲಿ, ಗೋಕಾಕದ ಅಜ್ಜಿ ಮುಂಬಯಿಯಲ್ಲಿ, ಪುತ್ತೂರಿನ ಅಜ್ಜಿ ಮದ್ರಾಸಿನಲ್ಲಿ, ವಿರಾಜಪೇಟೆಯ ಅಜ್ಜಿ ಕೊಡಗಿನಲ್ಲಿ, ನಾಗಮಂಗಲದ ಅಜ್ಜಿ ಮೈಸೂರಿನಲ್ಲಿ ಹುಟ್ಟಿದವರು. ಹುಟ್ಟಿದ ಊರು ಬಿಡದೆಯೇ ರಾಜ್ಯ ಬದಲಾದವರು ಅವರು.

ದನಗಳ ತಳಿಗೂ ಈ ಗೆರೆ ತಾಗಿದೆ. ಬೀದರ್ ಕಡೆಯ ದೇವಣಿ ತಳಿಯನ್ನು ನೀವು ಕೇಳಿರುತ್ತೀರಿ. ದುಡಿಮೆಗೂ ಆದೀತು, ಹಾಲಿಗೂ ಆದೀತು ಎನ್ನುವಂಥ ದನ. ಅದಕ್ಕೆ ಹೆಸರು ಕೊಟ್ಟ ದೇವಣಿ ಊರು ಇಂದು ಮಹಾರಾಷ್ಟ್ರದ ಲಾತೂರು ಜಿಲ್ಲೆಯಲ್ಲಿದೆ. 1956ರಲ್ಲಿ ಹಳೇ ಬೀದರ್ ಜಿಲ್ಲೆಯನ್ನು ಮೂರು ಪಾಲು ಮಾಡಿದರು. ಉದಗೀರ, ನಿಲಂಗಾ, ಅಹಮದ್‌ಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್ ಮತ್ತು ನಾರಾಯಣಖೇಡ ಕಡೆ ಆಂಧ್ರಕ್ಕೆ, ಉಳಿದದ್ದು ನಮಗೆ. ತಳಿಯ ಹೆಸರಿನ ಊರು ಆಚೆ ಹೋಯಿತು, ದನ ಎರಡೂ ಕಡೆ ಉಳಿಯಿತು. ಕೃಷ್ಣಾ ಕಣಿವೆಯ ತಳಿ, ಖಿಲಾರಿ ತಳಿಗಳ ಕಥೆಯೂ ಹೀಗೆಯೇ. ಗಡಿಯ ಎರಡೂ ಕಡೆಯ ಸಂತೆಗಳಲ್ಲಿ ಅವನ್ನು ಕೊಳ್ಳುವವರೂ ಮಾರುವವರೂ ಇದ್ದಾರೆ.

ಸೇರು, ಪಾವು, ಕುಡ್ತೆ, ಹಾಲಿ ರೂಪಾಯಿ

ಆಗ ಹಾಲು ಅಳೆಯುವುದೂ ಒಂದೊಂದು ಸೀಮೆಗೆ ಒಂದೊಂದು ಬಗೆ. ಹಳೇ ಮೈಸೂರಿನಲ್ಲಿ ಸೇರು, ಪಾವು. ಕರಾವಳಿಯಲ್ಲಿ ಕುಡ್ತೆ. ಸೇರಿನಲ್ಲೂ ಪಕ್ಕಾ ಸೇರು, ಕಚ್ಚಾ ಸೇರು ಎಂದು ಬೇರೆ ಬೇರೆ. ಒಂದು ಊರಿನ ಸೇರಿನ ಹಾಲು ಇನ್ನೊಂದು ಊರಿನ ಸೇರಿನಲ್ಲಿ ಹಿಡಿಸದು. ಹೆರೂರಿನಿಂದ ಬಂದ ಸೊಸೆ ಮೊದಲು ಕಲಿಯಬೇಕಾದದ್ದೇ ಗಂಡನ ಊರಿನ ಅಳತೆ.

ದುಡ್ಡೂ ಅಷ್ಟೆ. ಹೈದರಾಬಾದ್ ಸೀಮೆಯಲ್ಲಿ ನಿಜಾಮರದ್ದೇ ನಾಣ್ಯ ಚಲಾವಣೆಯಲ್ಲಿತ್ತು. ಅದನ್ನು ಹಾಲಿ ಸಿಕ್ಕಾ ಎನ್ನುತ್ತಿದ್ದರು. ನಮ್ಮ ಹಾಲಿಗೂ ಈ ಹಾಲಿಗೂ ಸಂಬಂಧವಿಲ್ಲ. ಹಾಲಿ ಎಂದರೆ ಈಗ ಚಲಾವಣೆಯಲ್ಲಿರುವುದು ಎಂದರ್ಥ. ಹಾಲಿ ಏಳು ರೂಪಾಯಿಗೆ ಭಾರತದ ಆರು ರೂಪಾಯಿ ಸಮ ಎಂದು ಲೆಕ್ಕ ಹಾಕುತ್ತಿದ್ದರು. ರಾಯಚೂರಿನಿಂದ ಬಳ್ಳಾರಿಗೆ ಮಗಳನ್ನು ಕೊಟ್ಟವರು ಬೀಗರೊಡನೆ ದುಡ್ಡಿನ ಮಾತಾಡುವಾಗ ಯಾವ ರೂಪಾಯಿ ಎಂದು ಮೊದಲೇ ಕೇಳಿಕೊಳ್ಳಬೇಕಿತ್ತು.

ಹೊಸ ರಾಜ್ಯ ಹುಟ್ಟಿದ ಐದು ತಿಂಗಳಿಗೆ, 1957ರ ಏಪ್ರಿಲ್ 1ರಿಂದ, ದೇಶಕ್ಕೆಲ್ಲ ನಯಾಪೈಸೆ ಬಂತು. ಹದಿನಾರಾಣೆಯ ರೂಪಾಯಿ ನೂರು ಪೈಸೆಯಾಯಿತು. ಅದರ ಬೆನ್ನಿಗೆ ಕಿಲೋ, ಲೀಟರು ಬಂದವು. ಬೀದರಿನ ಲೀಟರೂ ಮಡಿಕೇರಿಯ ಲೀಟರೂ ಒಂದೇ ಆಯಿತು. ನಾಡು ಒಂದಾಯಿತು ಎಂದು ಹೊಲ-ಮನೆಯ ಹೆಂಗಸಿಗೆ ನಿಜವಾಗಿ ಗೊತ್ತಾದದ್ದು ಈ ಲೀಟರಿನ ಅಳತೆಯಲ್ಲಿ ಎಂದೇ ನನಗೆ ಅನ್ನಿಸುತ್ತದೆ.

ಇನ್ನೊಂದು ಸಂಗತಿ ನಮ್ಮ ಹೈನುಗಾರರು ನೆನಪಿಡುವಂಥದ್ದು. ಇಂದಿನ ಕರ್ನಾಟಕದ ಮೊದಲ ಸಹಕಾರಿ ಡೇರಿ ಎಲ್ಲಿ ಶುರುವಾಯಿತು ಎಂದು ಕೇಳಿದರೆ ಬೆಂಗಳೂರು ಎನ್ನುವವರೇ ಹೆಚ್ಚು. ಅಲ್ಲ. 1955ರಲ್ಲಿ, ಕುಶಾಲನಗರದ ಬಳಿಯ ಕೂಡಿಗೆಯಲ್ಲಿ. ಆಗ ಕೊಡಗು ಮೈಸೂರಿಗೆ ಸೇರಿರಲಿಲ್ಲ, ಬೇರೆ ರಾಜ್ಯವಾಗಿತ್ತು. ಏಕೀಕರಣಕ್ಕೆ ಒಂದು ವರ್ಷ ಮುಂಚೆ, ಗಡಿಯ ಆಚೆ ಹುಟ್ಟಿದ ಡೇರಿಯೇ ನಮ್ಮೆಲ್ಲ ಡೇರಿಗಳ ಅಕ್ಕ. ಕೊಡಗು ಬಂದಾಗ ಕಾಫಿ, ಕಿತ್ತಳೆ, ಕಾವೇರಿಯ ಜೊತೆಗೆ ಇದನ್ನೂ ತಂದಿತು.

ಬೆಂಗಳೂರು ಡೇರಿಗೆ ಯುನಿಸೆಫ್ ನೆರವಿನಲ್ಲಿ ಕೆಲಸ ಶುರುವಾದದ್ದು 1958ರಲ್ಲಿ. 1965ರ ಜನವರಿ 23ರಂದು ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅದನ್ನು ಉದ್ಘಾಟಿಸಿದರು. ದಿನಕ್ಕೆ 50 ಸಾವಿರ ಲೀಟರ್ ಸಾಮರ್ಥ್ಯ. ಅದಕ್ಕೆ ಮೂರು ತಿಂಗಳ ಹಿಂದೆಯಷ್ಟೇ ಶಾಸ್ತ್ರಿಯವರು ಗುಜರಾತಿನ ಆನಂದ್‌ಗೆ ಹೋಗಿ, ಹಳ್ಳಿಯಲ್ಲೇ ಒಂದು ರಾತ್ರಿ ತಂಗಿ, ಹಾಲು ಹಾಕುವವರ ಜೊತೆ ಮಾತಾಡಿ ಬಂದಿದ್ದರು. ಡೇರಿಯ ಯಜಮಾನಿಕೆ ಸರ್ಕಾರದ ಕೈಯಲ್ಲಿರುವುದಕ್ಕೂ ಹಾಲು ಕರೆಯುವವರ ಕೈಯಲ್ಲಿರುವುದಕ್ಕೂ ಇರುವ ವ್ಯತ್ಯಾಸವನ್ನು ಅವರು ಅಲ್ಲಿ ಕಂಡರು. ನಮ್ಮಲ್ಲಿ ಅದು ಬರಲು ಇನ್ನೂ ಒಂಬತ್ತು ವರ್ಷ ಬೇಕಾಯಿತು.

ಹದಿನೇಳು ವರ್ಷದ ಕೂಸಿಗೆ ನಾಮಕರಣ

1956ರಲ್ಲಿ ರಾಜ್ಯ ಬಂತು, ಹೆಸರು ಬರಲಿಲ್ಲ. ಹೊಸ ರಾಜ್ಯಕ್ಕೂ ಮೈಸೂರು ಎಂಬ ಹೆಸರೇ ಉಳಿಯಿತು. ಹಳೇ ಮೈಸೂರಿನ ಬಹಳ ಜನರಿಗೆ ಆ ಹೆಸರಿನ ಮೇಲೆ ಅಭಿಮಾನ. ಏಕೀಕರಣವೇ ಬೇಡ, ನಮ್ಮ ಮೈಸೂರು ಚೆನ್ನಾಗಿದೆ ಎಂದವರೂ ಅಲ್ಲಿದ್ದರು. ಅತ್ತ ಧಾರವಾಡ, ಕಲಬುರಗಿಯವರಿಗೆ ತಾವು ಮೈಸೂರಿನವರು ಎಂದು ಬರೆದುಕೊಳ್ಳಲು ಮನಸ್ಸಿಲ್ಲ. ಮದುವೆಯಾಗಿ ಬಂದ ಮೇಲೂ ಮನೆಯ ಹೆಸರು ತನ್ನದೆನಿಸದೆ ಇರುವ ಸೊಸೆಯ ಸ್ಥಿತಿ ಅದು. ಹದಿನೇಳು ವರ್ಷ ಹೀಗೇ ನಡೆಯಿತು.

1972ರ ಜುಲೈನಲ್ಲಿ ವಿಧಾನಸಭೆ ನಿರ್ಣಯ ಮಾಡಿತು. ಸಂಸತ್ತು ಕಾಯ್ದೆ ಮಾಡಿತು. 1973ರ ನವೆಂಬರ್ 1ರಿಂದ ಈ ರಾಜ್ಯ ಕರ್ನಾಟಕವಾಯಿತು. ಅದೂ ಗುರುವಾರವೇ. ಮುಖ್ಯಮಂತ್ರಿ ಡಿ. ದೇವರಾಜ ಅರಸು, ಮೈಸೂರು ಜಿಲ್ಲೆಯ ಹುಣಸೂರಿನ ಕಡೆಯವರು, ಅರಸು ಮನೆತನದವರು. ಮೈಸೂರಿನ ಹೆಸರು ಬಿಡಲು ಮೈಸೂರಿನವರೇ ಮುಂದಾಳಾದದ್ದು ಜಗಳವನ್ನು ಹಗುರ ಮಾಡಿತು ಎಂದರೆ ತಪ್ಪಿಲ್ಲ. 2023ರಲ್ಲಿ ಆ ಹೆಸರಿಗೆ 50 ತುಂಬಿದಾಗ ಹಂಪಿಯಲ್ಲೂ ಗದಗದಲ್ಲೂ ಹಬ್ಬ ಮಾಡಿದ್ದು ನಿಮಗೆ ನೆನಪಿರಬಹುದು.

ಹೆಸರಿನಿಂದ ಹೊಟ್ಟೆ ತುಂಬುವುದಿಲ್ಲ ಎಂದು ಆಗಲೂ ಜನ ಆಡಿಕೊಂಡಿರಬೇಕು. ಆದರೆ ಆ ಹೆಸರು ಬಂದ ಎಂಟು ತಿಂಗಳಲ್ಲಿ ಹಳ್ಳಿಯ ಬದುಕನ್ನೇ ಬದಲಿಸಿದ ಎರಡು ಕೆಲಸ ಆದವು.

ಮೊದಲನೆಯದು ಭೂಮಿ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನೆಲ್ಲ ಅಂದಿನಿಂದ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದ ಒಕ್ಕಲು ಏಳನೇ ನಂಬರಿನ ಫಾರಂ ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕಿತ್ತು. ಕರಾವಳಿ, ಮಲೆನಾಡಿನಲ್ಲಿ ಈಗಲೂ ‘ಡಿಕ್ಲರೇಷನ್ ಜಾಗ’ ಎನ್ನುವುದು ಇದರಿಂದಲೇ. ಅರ್ಜಿಗೆ ಕಡೆಯ ದಿನವನ್ನು 1979ರ ಜೂನ್ 30ರವರೆಗೂ ಮುಂದೂಡಿದರು. ಗೇಣಿ ಅಳೆಯುವುದು ನಿಂತು, ಒಕ್ಕಲು ಮನೆಗಳಿಗೆ ಸ್ವಂತದ ಬದು ಬಂತು, ಬದುವಿನಲ್ಲಿ ಹಸಿಹುಲ್ಲು ಬಂತು, ಹಟ್ಟಿಯಲ್ಲಿ ಇನ್ನೊಂದು ಹಸು ಕಟ್ಟುವ ಧೈರ್ಯ ಬಂತು. ಆದರೆ ಆ ಫಾರಂಗಳಲ್ಲಿ ಬಹುಪಾಲು ಮನೆಯ ಗಂಡಸರ ಹೆಸರೇ ಇತ್ತು. ನಾಟಿ ಮಾಡಿದ, ಕಳೆ ಕಿತ್ತ ಹೆಂಡತಿಯ ಹೆಸರು ಬರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಎರಡನೆಯದು ಹಾಲು. 1974ರ ಜೂನ್‌ನಲ್ಲಿ ಆನಂದ್ ಮಾದರಿಯ ಹೈನು ಯೋಜನೆ ಶುರುವಾಯಿತು. ಅದನ್ನು ನಡೆಸಲು ಕರ್ನಾಟಕ ಹೈನು ಅಭಿವೃದ್ಧಿ ನಿಗಮ ಬಂತು. ಒಂದು ವರ್ಷ ಮೊದಲು ಹುಟ್ಟಿದ್ದರೆ ಅದರ ಹೆಸರಿನಲ್ಲಿ ಕರ್ನಾಟಕದ ಬದಲು ಮೈಸೂರು ಇರುತ್ತಿತ್ತು. ವಿಶ್ವಬ್ಯಾಂಕಿನ ನೆರವಿನಲ್ಲಿ ಕೆಲಸ 1975ರಲ್ಲಿ ಆರಂಭವಾಯಿತು. ಹಳ್ಳಿಯಲ್ಲಿ ಉತ್ಪಾದಕರ ಸಂಘ, ಅದರ ಮೇಲೆ ಜಿಲ್ಲಾ ಒಕ್ಕೂಟ, ಅದರ ಮೇಲೆ ರಾಜ್ಯದ ಸಂಸ್ಥೆ ಎಂಬ ಈಗಿನ ಮೂರು ಮೆಟ್ಟಿಲು ಆಗ ಕಟ್ಟಿದ್ದು. ಅದಕ್ಕೆ ಮೊದಲು ಮನೆಮನೆಗೆ ಬಂದು ಹಾಲು ಕೊಳ್ಳುತ್ತಿದ್ದ ದಲ್ಲಾಳಿ ಹೇಳಿದ್ದೇ ರೇಟು, ಅವನ ಕೊಳಗವೇ ಅಳತೆ. ಹಬ್ಬಕ್ಕೆ ಮುಂಗಡ ಕೊಟ್ಟು ವರ್ಷವೆಲ್ಲ ಹಾಲು ಹಿಡಿದಿಟ್ಟುಕೊಳ್ಳುತ್ತಿದ್ದ. ಸಂಘ ಬಂದ ಮೇಲೆ ಫ್ಯಾಟ್ ನೋಡಿ ದರ ಕೊಡುವುದು ಶುರುವಾಯಿತು. ನೀರು ಹಾಕಿದವರಿಗೂ ಹಾಕದವರಿಗೂ ಒಂದೇ ಬೆಲೆ ಎಂಬುದು ತಪ್ಪಿತು.

ಆದರೆ ಒಂದು ಮಾತು ಹೇಳಲೇಬೇಕು. ಆ ಮೊದಲ ಯೋಜನೆ ಇದ್ದದ್ದು ದಕ್ಷಿಣದ 8 ಜಿಲ್ಲೆಗಳಿಗೆ ಮಾತ್ರ. ಧಾರವಾಡ, ಬೆಳಗಾವಿ, ಬಿಜಾಪುರ, ಕಲಬುರಗಿ, ರಾಯಚೂರು ಕಡೆ ಈ ಮಾದರಿ ವ್ಯವಸ್ಥಿತವಾಗಿ ಹರಡಿದ್ದು 1984ರ ನಂತರ, ಆಪರೇಷನ್ ಫ್ಲಡ್‌ನ ಎರಡನೇ ಹಂತ ಬಂದಾಗ. ಅದೇ ವರ್ಷ ಹಳೆಯ ನಿಗಮ ಕರ್ನಾಟಕ ಹಾಲು ಮಹಾಮಂಡಳಿಯಾಯಿತು. ಲೆಕ್ಕ ಹಾಕಿ ನೋಡಿ. ಒಂದೇ ನಾಡು ಎಂದು ಬರೆದದ್ದು 1956ರಲ್ಲಿ, ಒಂದೇ ಹಾಲಿನ ವ್ಯವಸ್ಥೆ ಬಂದದ್ದು 28 ವರ್ಷದ ಮೇಲೆ. ಅಷ್ಟರಲ್ಲಿ ಒಂದು ತಲೆಮಾರಿನ ಹೆಂಗಸರು ಎಮ್ಮೆಯ ಹಾಲನ್ನು ದಲ್ಲಾಳಿಗೇ ಅಳೆದು ಮುಗಿಸಿದ್ದರು. ಉತ್ತರದಲ್ಲಿ ಹಾಲು ಕಡಿಮೆ, ಅಲ್ಲಿಯದು ಉಳುವ ದನ ಎನ್ನುವ ವಾದವಿದೆ. ಇರಬಹುದು. ಆದರೆ ಹಾಲಿಗೆ ನ್ಯಾಯದ ಬೆಲೆಯೂ ಕೃತಕ ಗರ್ಭಧಾರಣೆಯೂ ಪಶುವೈದ್ಯರೂ ತಡವಾಗಿ ಬಂದ ಕಡೆ ಹಾಲು ಹೆಚ್ಚುವುದು ಹೇಗೆ? ಧಾರವಾಡದ ಪೇಡೆ ನಾಡಿಗೆಲ್ಲ ಹೆಸರಾದದ್ದು ಆ ಸೀಮೆಯ ಎಮ್ಮೆ ಹಾಲಿನಿಂದಲೇ ಅಲ್ಲವೆ?

ಮೂರನೆಯ ನವೆಂಬರ್ 1

2014ರದ್ದು ಚಿಕ್ಕ ಕಥೆ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಬಳ್ಳಾರಿ, ಹೊಸಪೇಟೆ, ಶಿವಮೊಗ್ಗ, ಚಿಕ್ಕಮಗಳೂರು, ತುಮಕೂರು, ಕಲಬುರಗಿ, ವಿಜಯಪುರ, ಹೀಗೆ ಹನ್ನೆರಡು ಊರುಗಳ ಅಧಿಕೃತ ಹೆಸರು ಬದಲಾಯಿತು. ಹೆಚ್ಚಿನವನ್ನು ನಾವು ಎಂದೂ ಹಾಗೆಯೇ ಕರೆದದ್ದು. ಬದಲಾದದ್ದು ಇಂಗ್ಲಿಷಿನ ಬರಹ. ಗುಲ್ಬರ್ಗ ಕಲಬುರಗಿಯಾದದ್ದು, ಬಿಜಾಪುರ ವಿಜಯಪುರವಾದದ್ದು ಮಾತ್ರ ಕಿವಿಗೂ ಹೊಸತು. ಬಸ್ಸಿನ ಬೋರ್ಡು ಬೇಗ ಬದಲಾಯಿತು. ಕಾಗದಪತ್ರಗಳು ಬೇಗ ಬದಲಾಗಲಿಲ್ಲ. ಒಂದು ದಾಖಲೆಯಲ್ಲಿ ಹಳೇ ಹೆಸರು, ಇನ್ನೊಂದರಲ್ಲಿ ಹೊಸದು.

ರಾಜ್ಯೋತ್ಸವ ಪ್ರಶಸ್ತಿ ಕೊಡುವ ದಿನವೂ ಇದೇ. 1966ರಿಂದ ನಡೆದು ಬಂದದ್ದು. ಅಂಕೋಲಾದ ಹೊನ್ನಳ್ಳಿಯಲ್ಲಿ ಸಸಿ ಬೆಳೆಸುತ್ತಿದ್ದ ತುಳಸಿ ಗೌಡ, ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಇವರಿಬ್ಬರಿಗೂ ಆ ಪ್ರಶಸ್ತಿ ಬಂತು, ಮುಂದೆ ಪದ್ಮಶ್ರೀಯೂ ಬಂತು. ಇಬ್ಬರೂ ಶಾಲೆಗೆ ಹೋದವರಲ್ಲ. ದಿನವೂ ಮಾಡುವ ಕೆಲಸವನ್ನೇ ಮಾಡಿಕೊಂಡು ಹೋದವರು. ಅವರ ಹೆಸರು ಪಟ್ಟಿಯಲ್ಲಿ ಬರೆದವರಿಗೆ ಧನ್ಯವಾದ ಹೇಳಬೇಕು.

ನಿಮ್ಮ ನಂಬರ್ ಯಾರ ಹೆಸರಲ್ಲಿದೆ?

ಈಗ ನಮ್ಮ ಡೇರಿಗೆ ಬರೋಣ. ಬೆಳಿಗ್ಗೆ ಐದಕ್ಕೆ ಎದ್ದು ಹಟ್ಟಿ ಗುಡಿಸಿ, ಕೆಚ್ಚಲು ತೊಳೆದು, ಹಾಲು ಕರೆದು, ಸಾಲಿನಲ್ಲಿ ನಿಂತು ಹಾಲು ಹಾಕುವವರು ಯಾರು? ಹೆಚ್ಚಿನ ಮನೆಗಳಲ್ಲಿ ನಾವು. ಚೀಟಿಯಲ್ಲಿ ಮುದ್ರಣವಾಗುವ ಹೆಸರು? ಎಷ್ಟೋ ಮನೆಗಳಲ್ಲಿ ಅದು ಯಜಮಾನರದ್ದು, ಇಲ್ಲವೆ ತೀರಿಕೊಂಡ ಮಾವನವರದ್ದು. ಕೇಳಿದರೆ, ‘ಹಳೇ ನಂಬರ್ ಇದೆಯಲ್ಲ, ದುಡ್ಡು ಮನೆಗೇ ಬರುತ್ತಲ್ಲ, ಯಾರ ಹೆಸರಾದರೇನು?’ ಎಂಬ ಉತ್ತರ.

ಏನಾಗುತ್ತದೆ ನೋಡಿ. ಸರ್ಕಾರ ಹಾಲಿಗೆ ಕೊಡುವ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿ ಎಂದು ಶುರುವಾಗಿ 5 ರೂಪಾಯಿಯವರೆಗೆ ಬಂದಿದೆ. ಅದು ಸೇರುವುದು ಸಂಘದ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರ ಬ್ಯಾಂಕ್ ಖಾತೆಗೆ. ದಿನಕ್ಕೆ 8 ಲೀಟರ್ ಹಾಕುವ ಮನೆಗೆ ತಿಂಗಳಿಗೆ 1,200 ರೂಪಾಯಿ. ಹಿಂಡಿ, ಬೂಸಾ ತರುವವರು ನೀವು, 1,200 ರೂಪಾಯಿಗೆ ಯಜಮಾನರ ಕೈ ನೋಡುವವರೂ ನೀವು. ಸಹಕಾರ ಸಂಘದ ಸದಸ್ಯರ ಕುಟುಂಬಗಳಿಗೆ ಇರುವ ಯಶಸ್ವಿನಿ ಆರೋಗ್ಯ ಯೋಜನೆಯಲ್ಲೂ ಸದಸ್ಯತ್ವವನ್ನೇ ನೋಡುತ್ತಾರೆ. ಸಂಘದ ಮಹಾಸಭೆಯಲ್ಲಿ ಕೈಯೆತ್ತುವ, ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಸದಸ್ಯರಿಗೆ ಮಾತ್ರ. ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಎರಡು ಸ್ಥಾನ ಮೀಸಲಿದೆ. ಆದರೆ ಸದಸ್ಯೆಯರೇ ಇಲ್ಲದ ಊರಿನಲ್ಲಿ ಆ ಸ್ಥಾನಕ್ಕೆ ಯಾರನ್ನು ನಿಲ್ಲಿಸುವುದು? ಕೊನೆಗೆ ಯಾರದ್ದೋ ಮನೆಯವರ ಹೆಸರು ಬರೆದು, ಸಭೆಗೆ ಅವರ ಗಂಡ ಬಂದು ಕೂರುವುದನ್ನು ನಾವೆಲ್ಲ ನೋಡಿದ್ದೇವೆ.

ಪಹಣಿಯಲ್ಲಿ ಹೆಸರು ಬರಲು ಹೆಣ್ಣುಮಕ್ಕಳು ಬಹಳ ಕಾದಿದ್ದಾರೆ. ಹಿಂದೂ ವಾರಸು ಕಾಯ್ದೆ ಬಂದದ್ದು ಏಕೀಕರಣವಾದ 1956ರಲ್ಲೇ. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮಾನ ಪಾಲು ಎಂದು ಕರ್ನಾಟಕ ತಿದ್ದುಪಡಿ ಮಾಡಿದ್ದು 1994ರಲ್ಲಿ, ಅದೂ ಆಗ ಮದುವೆಯಾಗಿರದವರಿಗೆ ಮಾತ್ರ. ದೇಶಕ್ಕೆಲ್ಲ ಅನ್ವಯವಾದದ್ದು 2005ರಲ್ಲಿ. ಹಾಲಿನ ಸಂಘದಲ್ಲಿ ಅಷ್ಟು ಕಾಯಬೇಕಿಲ್ಲ. ಇಲ್ಲಿ ಪಹಣಿ ಬೇಕಿಲ್ಲ. ಒಂದು ಕರೆಯುವ ಹಸುವೋ ಎಮ್ಮೆಯೋ ಇದ್ದು ಸಂಘಕ್ಕೆ ಹಾಲು ಹಾಕಿದರೆ ಸಾಕು. ತುಂಡು ಭೂಮಿಯಿಲ್ಲದ ಹೆಂಗಸೂ ಹತ್ತು ಎಕರೆಯವರ ಪಕ್ಕದಲ್ಲಿ ಕೂತು ಒಂದು ಮತ ಹಾಕುವ ಜಾಗ ಊರಿನಲ್ಲಿ ಬೇರೆ ಎಷ್ಟಿವೆ?

ಸದಸ್ಯೆಯಾಗಲು ಬೇಕಾದದ್ದು ಇಷ್ಟು. ಷೇರು ಅರ್ಜಿ ಕಾರ್ಯದರ್ಶಿಯವರ ಬಳಿ ಸಿಗುತ್ತದೆ. ಆಧಾರ್, ನಿಮ್ಮ ಹೆಸರಿನದ್ದೇ ಬ್ಯಾಂಕ್ ಪಾಸ್‌ಬುಕ್, ಫೋಟೊ ಇರಲಿ. ಷೇರು ಹಣ ಕಟ್ಟಿ ರಸೀದಿ ಕೇಳಿ ಪಡೆಯಿರಿ. ಅರ್ಜಿ ಆಡಳಿತ ಮಂಡಳಿಯ ಮುಂದೆ ಹೋಗುತ್ತದೆ. ಯಾವ ಸಭೆಯಲ್ಲಿ ಇಡುತ್ತಾರೆ ಎಂದು ಕೇಳಿಟ್ಟುಕೊಳ್ಳಿ. ಮಾವನವರ ಹೆಸರಿನಲ್ಲಿರುವ ಹಳೇ ಷೇರನ್ನು ವರ್ಗಾಯಿಸಿಕೊಳ್ಳುವುದಾದರೆ ಮರಣ ಪ್ರಮಾಣಪತ್ರ ಮತ್ತು ಮನೆಯವರ ಒಪ್ಪಿಗೆಯನ್ನೂ ಕೇಳುತ್ತಾರೆ.

ಹೆಸರಿನ ಅಕ್ಷರ ನೋಡಿಕೊಳ್ಳಿ. ಆಧಾರಿನಲ್ಲಿ ಲಕ್ಷ್ಮಮ್ಮ, ಬ್ಯಾಂಕಿನಲ್ಲಿ ಲಕ್ಷ್ಮೀದೇವಮ್ಮ, ಸಂಘದಲ್ಲಿ ತವರಿನ ಇನಿಷಿಯಲ್ಲು, ಪಡಿತರ ಚೀಟಿಯಲ್ಲಿ ಗಂಡನ ಇನಿಷಿಯಲ್ಲು ಎಂದಾದರೆ ಪ್ರೋತ್ಸಾಹಧನ ದಾರಿಯಲ್ಲೇ ನಿಲ್ಲುತ್ತದೆ. ಊರಿಗಾದರೆ ಸರ್ಕಾರವೇ ಆದೇಶ ಹೊರಡಿಸಿ ಹೆಸರು ತಿದ್ದಿತು. ನಮ್ಮದನ್ನು ನಾವೇ ಹೋಗಿ ತಿದ್ದಿಸಬೇಕು. ಮೂರೂ ಕಡೆ ಒಂದೇ ಹೆಸರು, ಒಂದೇ ಕಾಗುಣಿತ ಇರಲಿ. ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಒಮ್ಮೆ ಕೇಳಿ.

ಸದಸ್ಯೆಯಾದ ಮೇಲೂ ಬೈಲಾದಲ್ಲಿ ಹೇಳಿದಷ್ಟು ಹಾಲು ಹಾಕದಿದ್ದರೆ, ಮಹಾಸಭೆಗಳಿಗೆ ಹೋಗದಿದ್ದರೆ ಮತದಾನದ ಹಕ್ಕು ತಪ್ಪಬಹುದು. ಸಭೆಗೆ ನೀವೇ ಹೋಗಿ, ಹಾಜರಿ ಪುಸ್ತಕದಲ್ಲಿ ನೀವೇ ಸಹಿ ಹಾಕಿ. ಹೆಬ್ಬೆಟ್ಟು ಒತ್ತಿದರೂ ಅಷ್ಟೇ ಬೆಲೆ. ಅರ್ಜಿ ತೆಗೆದುಕೊಳ್ಳಲು ನಿಮ್ಮ ಸಂಘದಲ್ಲಿ ಯಾರಾದರೂ ಹಿಂದೆ-ಮುಂದೆ ನೋಡಿದರೆ, ನಿಮ್ಮ ಮಾರ್ಗದ ವಿಸ್ತರಣಾಧಿಕಾರಿ ಡೇರಿಗೆ ಬಂದಾಗ ಅವರ ಕೈಗೇ ಅರ್ಜಿಯ ಒಂದು ಪ್ರತಿ ಕೊಡಿ, ಇನ್ನೊಂದು ಪ್ರತಿಯ ಮೇಲೆ ಅವರ ಸಹಿ ಹಾಕಿಸಿಕೊಂಡು ಹಾಲಿನ ಚೀಟಿಗಳ ಜೊತೆಗೆ ಇಟ್ಟುಕೊಳ್ಳಿ.